ಮೈ ಪಳಗಿದರೆ ಸಾಲದು, ಮನಸ್ಸಿಗೂ ಮೇಷ್ಟ್ರು ಬೇಕು

ಶಾಲೆಗಳ ಹೋಬಳಿ ಮಟ್ಟದ ಕ್ರೀಡಾಕೂಟ ಮುಗಿದು ತಾಲ್ಲೂಕು ಮಟ್ಟದ್ದು ಹತ್ತಿರವಾಗುವ ದಿನಗಳಲ್ಲಿ ನಮ್ಮಂಥ ಸಾಮಾನ್ಯ ವೈದ್ಯರ ಬಳಿ ಒಂದು ಬಗೆಯ ರೋಗಿಗಳು ಹೆಚ್ಚುತ್ತಾರೆ. ಅಭ್ಯಾಸದಲ್ಲಿ ಎಲ್ಲರಿಗಿಂತ ಮುಂದೆ ಓಡುವ ಹುಡುಗ ಸ್ಪರ್ಧೆಯ ದಿನ ಬೆಳಿಗ್ಗೆ ವಾಂತಿ ಮಾಡಿಕೊಳ್ಳುತ್ತಾನೆ. ಕಬಡ್ಡಿ ಆಡುವ ಹುಡುಗಿಗೆ ಅಂಕಣಕ್ಕಿಳಿಯುವ ಮುನ್ನ ಕೈಬೆರಳು ಜೋಮು ಹಿಡಿದು ಉಸಿರು ಕಟ್ಟಿದಂತಾಗುತ್ತದೆ. ಪೊಲೀಸ್ ನೇಮಕಾತಿಯ 1600 ಮೀಟರ್ ಓಟಕ್ಕೆ ಆರು ತಿಂಗಳಿಂದ ತಯಾರಾದ ಯುವಕನಿಗೆ ಹಿಂದಿನ ರಾತ್ರಿ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ, ಎದೆ ಡವಗುಟ್ಟುತ್ತದೆ.

ಪರೀಕ್ಷೆ ಮಾಡಿ, ಅಗತ್ಯವಿದ್ದರೆ ಇ.ಸಿ.ಜಿ. ತೆಗೆಸಿ ನೋಡಿದರೆ ಹೆಚ್ಚಿನವರಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ‘ಭಯಪಡುವಂಥದ್ದು ಏನೂ ಇಲ್ಲ’ ಎಂದರೆ ಜೊತೆಗೆ ಬಂದ ತಂದೆಗೆ ಸಮಾಧಾನವಾಗುವುದಿಲ್ಲ. ‘ಏನೂ ಇಲ್ಲ ಅಂದ್ರೆ ಹೆಂಗೆ ಡಾಕ್ಟ್ರೇ? ಹುಡುಗ ಒದ್ದಾಡ್ತಾ ಇದ್ದಾನಲ್ಲ!’ ಎನ್ನುತ್ತಾರೆ. ಅವರ ಮಾತು ನ್ಯಾಯವೇ. ಇ.ಸಿ.ಜಿ.ಯಲ್ಲಿ ಕಾಣದ್ದು ಇಲ್ಲವೆಂದೇನೂ ಅಲ್ಲ. ಹುಡುಗನ ಒದ್ದಾಟ ನಿಜ, ಅದಕ್ಕೆ ಕಾರಣವೂ ಉಂಟು, ಪರಿಹಾರವೂ ಉಂಟು. ಆದರೆ ಆ ಪರಿಹಾರವನ್ನು ಹೇಳಿಕೊಡಬೇಕಾದ ಮನುಷ್ಯ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಹುಡುಗರ ಕೈಗೆ ಸಿಗುವುದಿಲ್ಲ. ಆ ವಿದ್ಯೆಗೆ ಕ್ರೀಡೆ ಮತ್ತು ವ್ಯಾಯಾಮ ಮನೋವಿಜ್ಞಾನ ಎಂದು ಹೆಸರು. ಅದನ್ನು ಕಲಿಸುವುದನ್ನೇ ವೃತ್ತಿ ಮಾಡಿಕೊಂಡ ಉಪನ್ಯಾಸಕರು ನಮ್ಮ ಜಿಲ್ಲೆಗೆ ಏಕೆ ಬೇಕು ಎಂಬುದು ಈ ವಾರದ ವಿಷಯ.

ತಮಟೆ ಕಾಯಿಸಿದ ಹಾಗೆ

ಮೊದಲು ದೇಹದಲ್ಲಿ ಏನಾಗುತ್ತದೆ ನೋಡೋಣ. ಅಪಾಯ ಅಥವಾ ಸವಾಲು ಎದುರಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸುರಿಸುತ್ತವೆ. ಹೃದಯದ ಬಡಿತ ಏರುತ್ತದೆ. ರಕ್ತವು ಹೊಟ್ಟೆ ಕರುಳುಗಳಿಂದ ಸರಿದು ತೊಡೆ, ತೋಳುಗಳ ಸ್ನಾಯುಗಳ ಕಡೆಗೆ ಹರಿಯುತ್ತದೆ. ಹೊಟ್ಟೆ ತೊಳಸುವುದು, ಬಾಯಿ ಒಣಗುವುದು ಇದರಿಂದಲೇ. ಗಾಬರಿಯಲ್ಲಿ ಬೇಗ ಬೇಗ ಉಸಿರೆಳೆದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳುಗಳು ಜೋಮು ಹಿಡಿಯುತ್ತವೆ, ತಲೆ ಹಗುರವಾಗುತ್ತದೆ. ಇದು ಪುಕ್ಕಲುತನವಲ್ಲ. ದೇಹ ಓಟಕ್ಕೆ ತನ್ನನ್ನು ಅಣಿಗೊಳಿಸಿಕೊಳ್ಳುವ ಕ್ರಮ.

ತೊಂದರೆ ಇರುವುದು ಅದರ ಪ್ರಮಾಣದಲ್ಲಿ. ತಮಟೆ ಬಾರಿಸುವವರು ಮೊದಲು ಅದನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಕಾಯಿಸದಿದ್ದರೆ ಚರ್ಮ ಸಡಿಲವಾಗಿ ನಾದ ಏಳುವುದಿಲ್ಲ. ಅತಿಯಾಗಿ ಕಾಯಿಸಿದರೆ ಚರ್ಮ ಬಿರಿಯುತ್ತದೆ. ಮನಸ್ಸೂ ಹಾಗೆಯೇ. ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು 1908ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಇಂಥದ್ದೇ ತತ್ತ್ವವನ್ನು ಹೇಳಿದರು. ಉದ್ವೇಗ ತೀರ ಕಡಿಮೆಯಾದರೂ ಕೆಲಸ ಕೆಡುತ್ತದೆ, ತೀರ ಹೆಚ್ಚಾದರೂ ಕೆಡುತ್ತದೆ. ಯಾವ ಹುಡುಗನಿಗೆ ಎಷ್ಟು ಕಾವು ಬೇಕು, ಹೆಚ್ಚಾದ ಕಾವನ್ನು ಇಳಿಸುವುದು ಹೇಗೆ ಎಂಬುದನ್ನು ಅಭ್ಯಾಸ ಮಾಡಿಸುವುದೇ ಕ್ರೀಡಾ ಮನೋವಿಜ್ಞಾನದ ಒಂದು ಮುಖ್ಯ ಕೆಲಸ.

ಮೊದಲು ದೇಹ, ಆಮೇಲೆ ಮನಸ್ಸು

ಇಲ್ಲಿ ವೈದ್ಯನಾಗಿ ಒಂದು ಎಚ್ಚರಿಕೆ ಹೇಳಲೇಬೇಕು. ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬಾರದು. ಓಡುತ್ತಿರುವಾಗಲೇ ಎಚ್ಚರ ತಪ್ಪಿ ಬೀಳುವುದು, ಶ್ರಮಪಟ್ಟಾಗ ಎದೆನೋವು, ಮನೆತನದಲ್ಲಿ ಚಿಕ್ಕ ವಯಸ್ಸಿನವರು ಹಠಾತ್ತನೆ ತೀರಿಕೊಂಡಿರುವುದು – ಇವುಗಳಲ್ಲಿ ಯಾವುದೊಂದು ಇದ್ದರೂ ಇ.ಸಿ.ಜಿ. ಹಾಗೂ ಎಕೋ ಪರೀಕ್ಷೆ ಆಗುವ ತನಕ ಆಟ ನಿಲ್ಲಿಸಬೇಕು. ಬೇಗ ದಣಿಯುವ ಹುಡುಗಿಯರಲ್ಲಿ ರಕ್ತಹೀನತೆ ಇದೆಯೇ ಎಂದು ಹಿಮೋಗ್ಲೋಬಿನ್ ನೋಡಬೇಕು. ಓಡಿದ ಮೇಲೆ ಕೆಮ್ಮು, ಸುಂಯ್‌ಗುಟ್ಟುವ ಉಸಿರು ಇದ್ದರೆ ಆಸ್ತಮಾ ಇರಬಹುದು. ಇವೆಲ್ಲ ಇಲ್ಲವೆಂದು ಖಚಿತವಾದ ಮೇಲೆಯೇ ಮನಸ್ಸಿನ ಮಾತು.

ಒಬ್ಬ ಮೇಷ್ಟ್ರ ಕತೆ

ಈ ವಿದ್ಯೆ ಹೊಸದೇನಲ್ಲ. ಅಮೆರಿಕದ ನಾರ್ಮನ್ ಟ್ರಿಪ್ಲೆಟ್ 1898ರಷ್ಟು ಹಿಂದೆಯೇ ಸೈಕಲ್ ಸವಾರರು ಒಬ್ಬರೇ ಓಡಿಸುವಾಗ ಮತ್ತು ಇತರರ ಜೊತೆ ಓಡಿಸುವಾಗ ಅವರ ವೇಗದಲ್ಲಿ ಆಗುವ ವ್ಯತ್ಯಾಸವನ್ನು ಕುರಿತು ಬರೆದಿದ್ದರು. ಆದರೆ ಇದನ್ನು ಜೀವನವೃತ್ತಿಯಾಗಿ ಹಿಡಿದವರಲ್ಲಿ ಮೊದಲಿಗರೆಂದು ಹೆಸರಾದವರು ಇಲಿನಾಯ್ ವಿಶ್ವವಿದ್ಯಾಲಯದ ಕೋಲ್ಮನ್ ಗ್ರಿಫಿತ್. 1925ರಲ್ಲಿ ಅವರ ನೇತೃತ್ವದಲ್ಲಿ ಅಲ್ಲಿ ಕ್ರೀಡಾ ಪ್ರಯೋಗಶಾಲೆ ತೆರೆಯಿತು. ಅವರು 1926ರಲ್ಲಿ ತರಬೇತಿಯ ಮನೋವಿಜ್ಞಾನದ ಬಗ್ಗೆ, 1928ರಲ್ಲಿ ಕ್ರೀಡೆಯ ಮನೋವಿಜ್ಞಾನದ ಬಗ್ಗೆ ಪುಸ್ತಕ ಬರೆದರು. 1932ರಲ್ಲಿ ಹಣವಿಲ್ಲವೆಂದು ಪ್ರಯೋಗಶಾಲೆ ಮುಚ್ಚಿತು. 1938ರಲ್ಲಿ ಷಿಕಾಗೋ ಕಬ್ಸ್ ಎಂಬ ಬೇಸ್‌ಬಾಲ್ ತಂಡ ಅವರನ್ನು ಕರೆಸಿಕೊಂಡಿತು. ಆದರೆ ‘ಈ ಪುಸ್ತಕದ ಪಂಡಿತ ನಮಗೇನು ಕಲಿಸುತ್ತಾನೆ’ ಎಂಬ ಭಾವದಿಂದ ತಂಡದ ವ್ಯವಸ್ಥಾಪಕರು ಅವರ ಮಾತಿಗೆ ಸೊಪ್ಪು ಹಾಕಲಿಲ್ಲ. ಗ್ರಿಫಿತ್ ಅವರ ಕೆಲಸವನ್ನು ಅವರ ಕಾಲದಲ್ಲಿ ಮುಂದುವರಿಸುವ ಶಿಷ್ಯರೂ ಇರಲಿಲ್ಲ. ವಿದ್ಯೆ ಎಷ್ಟೇ ದೊಡ್ಡದಿರಲಿ, ಹುದ್ದೆ ಮತ್ತು ಹಣದ ಆಸರೆ ಇಲ್ಲದಿದ್ದರೆ ಒಬ್ಬ ಮೇಷ್ಟ್ರ ಜೊತೆಗೇ ಅದು ನಿಂತುಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ನಾವು ಕನ್ನಡಿಗರು ಮನಃಶಾಸ್ತ್ರದಲ್ಲಿ ಹಿಂದೆ ಇದ್ದವರೇನಲ್ಲ. ಗ್ರಿಫಿತ್ ಪ್ರಯೋಗಶಾಲೆ ತೆರೆಯುವುದಕ್ಕೆ ಒಂದು ವರ್ಷ ಮುಂಚೆ, 1924ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರ ನೇತೃತ್ವದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾಗಿತ್ತು. 1935ರಲ್ಲಿ ಮೈಸೂರಿನಲ್ಲಿ ಬಾನುಲಿ ಕೇಂದ್ರ ಆರಂಭಿಸಿದವರೂ ಅವರೇ. ಇಷ್ಟು ಹಳೆಯ ಪರಂಪರೆ ಇದ್ದೂ ಆ ವಿದ್ಯೆ ಆಟದ ಮೈದಾನದವರೆಗೆ ಬರಲಿಲ್ಲ.

ಮೈದಾನಕ್ಕೆ ಬಂದದ್ದು ಹೊರನಾಡಿನ ಮೇಷ್ಟ್ರುಗಳಿಂದ. 2003ರ ವಿಶ್ವಕಪ್ ಕ್ರಿಕೆಟ್ ಓದುಗರಿಗೆ ನೆನಪಿರಬಹುದು. ಪರ್ಥ್‌ನ ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಲ್ಲಿ ಕ್ರೀಡೆ ಮತ್ತು ವ್ಯಾಯಾಮ ಮನೋವಿಜ್ಞಾನ ಕಲಿಸುತ್ತಿದ್ದ ಸ್ಯಾಂಡಿ ಗಾರ್ಡನ್ ಆಗ ಭಾರತ ತಂಡದ ಜೊತೆ ಕೆಲಸ ಮಾಡಿದರು. ನಮ್ಮ ದ್ರಾವಿಡ್, ಶ್ರೀನಾಥ್, ಕುಂಬ್ಳೆ ಮೂವರೂ ಆ ತಂಡದಲ್ಲಿದ್ದರು. ಆಸ್ಟ್ರೇಲಿಯಾ ಎದುರು ತಂಡ 125 ರನ್ನಿಗೆ ಕುಸಿದಾಗ ದೇಶದಲ್ಲಿ ಆಟಗಾರರ ಮನೆ ಮುಂದೆ ಗಲಾಟೆಗಳಾದವು. ಅದೇ ತಂಡ ಆಮೇಲೆ ಸತತ ಎಂಟು ಪಂದ್ಯ ಗೆದ್ದು ಫೈನಲ್ ತಲುಪಿತು. ಫೈನಲ್‌ನಲ್ಲಿ ಅದೇ ಆಸ್ಟ್ರೇಲಿಯಾಕ್ಕೆ ಸೋತಿತು. ಗೆಲುವೆಲ್ಲ ಗಾರ್ಡನ್ ಅವರಿಂದ ಎನ್ನುವುದೂ ತಪ್ಪು, ಸೋಲಿಗೆ ಅವರನ್ನು ಹೊಣೆ ಮಾಡುವುದೂ ತಪ್ಪು. ಮನೋವಿಜ್ಞಾನ ತಾಯಿತವಲ್ಲ. ಬಿದ್ದವನು ಎದ್ದು ನಿಲ್ಲುವುದಕ್ಕೆ ಅದು ಕೈಕೊಡುತ್ತದೆ, ಅಷ್ಟೆ. ಮುಂದೆ ದಕ್ಷಿಣ ಆಫ್ರಿಕಾದ ಪ್ಯಾಡಿ ಅಪ್ಟನ್ 2011ರ ವಿಶ್ವಕಪ್ ಗೆದ್ದ ತಂಡದ ಜೊತೆಗೂ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಹಾಕಿ ತಂಡದ ಜೊತೆಗೂ, ಅದೇ ವರ್ಷ ಚೆಸ್ ವಿಶ್ವ ಚಾಂಪಿಯನ್ ಆದ ಗುಕೇಶ್ ಜೊತೆಗೂ ಇದ್ದರು.

ಇದು ಪದಕದ ಮಾತಷ್ಟೇ ಅಲ್ಲ, ಪ್ರಾಣದ ಮಾತು. ಕರ್ನಾಟಕದ ಪರ ವರ್ಷಗಟ್ಟಲೆ ಆಡಿದ ರಾಬಿನ್ ಉತ್ತಪ್ಪ 2009ರಿಂದ 2011ರವರೆಗಿನ ಅವಧಿಯಲ್ಲಿ ತಮಗೆ ಖಿನ್ನತೆ ಕಾಡಿತ್ತೆಂದೂ, ಸಾಯುವ ಯೋಚನೆಗಳು ಬರುತ್ತಿದ್ದವೆಂದೂ 2020ರಲ್ಲಿ ಬಹಿರಂಗವಾಗಿ ಹೇಳಿದರು. ಹೊರಗಿನವರ ಸಹಾಯ ಪಡೆದು ಅದರಿಂದ ಹೊರಬಂದುದನ್ನೂ ಹೇಳಿಕೊಂಡರು. ಹೆಸರು, ಹಣ, ಚಪ್ಪಾಳೆ ಎಲ್ಲ ಇದ್ದವರ ಕತೆ ಇದಾದರೆ, ಕ್ರೀಡಾ ಹಾಸ್ಟೆಲಿನಲ್ಲಿ ಮನೆಯಿಂದ ದೂರವಿದ್ದು, ಮೊಣಕಾಲಿನ ಪೆಟ್ಟಿನಿಂದ ಆಟ ಬಿಡಬೇಕಾಗಿ ಬಂದ ಹದಿನಾರರ ಹುಡುಗಿಯ ಗತಿಯೇನು? ಅವಳ ಕಾಲಿಗೆ ಪಟ್ಟಿ ಕಟ್ಟುವವರಿದ್ದಾರೆ. ‘ಇನ್ನು ನಾನು ಯಾರು?’ ಎಂಬ ಅವಳ ಪ್ರಶ್ನೆಗೆ ಕಿವಿಗೊಡುವವರು ಯಾರು?

ಆಟ ಆಡದವರಿಗೂ ಬೇಕು

ಈ ವಿದ್ಯೆಯ ಹೆಸರಿನಲ್ಲಿ ಕ್ರೀಡೆಯ ಜೊತೆ ವ್ಯಾಯಾಮವೂ ಸೇರಿದೆ. ನನ್ನ ಮಟ್ಟಿಗೆ ಅದೇ ಹೆಚ್ಚು ಮುಖ್ಯವಾದ ಭಾಗ. 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರಗೆಡಹಿದ ಲೆಕ್ಕದಂತೆ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಜನ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದವರು. ಹೆಂಗಸರಲ್ಲಿ ಈ ಪ್ರಮಾಣ ಗಂಡಸರಿಗಿಂತ ಹೆಚ್ಚು. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ ಬೇಕೆಂಬುದು ಆ ಸಂಸ್ಥೆಯ ಸಲಹೆ. ಮಕ್ಕಳಿಗೆ ದಿನಕ್ಕೆ ಸರಾಸರಿ ಒಂದು ಗಂಟೆ.

‘ದಿನಾ ವಾಕಿಂಗ್ ಮಾಡಿ’ ಎಂದು ವೈದ್ಯರೆಲ್ಲ ಚೀಟಿಯಲ್ಲಿ ಬರೆಯುತ್ತಾರೆ. ಎಷ್ಟು ಜನ ಮಾಡುತ್ತಾರೆ? ಮಾಲೂರಿನಿಂದ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮನೆ ಸೇರುವವನು ಯಾವಾಗ ನಡೆಯಬೇಕು? ಶ್ರೀನಿವಾಸಪುರದ ಕಡೆಯ ಮಾವಿನ ತೋಟದ ರೈತ, ‘ದಿನವೆಲ್ಲ ತೋಟದಲ್ಲೇ ಇರ್ತೀನಿ ಸಾರ್, ಮತ್ತೆ ವಾಕಿಂಗ್ ಯಾಕೆ?’ ಎಂದು ಕೇಳುತ್ತಾನೆ. ಮುಳಬಾಗಿಲಿನ ಗೃಹಿಣಿಗೆ, ‘ಕೆಲಸ ಬಿಟ್ಟು ಬೀದಿ ಸುತ್ತುತ್ತಾಳೆ’ ಎಂದು ಅತ್ತೆ, ನೆರೆಹೊರೆಯವರು ಆಡಿಕೊಂಡಾರೆಂಬ ಸಂಕೋಚ. ಇವರಾರೂ ಸೋಮಾರಿಗಳಲ್ಲ. ಪ್ರತಿಯೊಬ್ಬರ ತಡೆಯೂ ಬೇರೆ. ಆ ತಡೆಯನ್ನು ಹುಡುಕಿ, ಅವರವರ ಬದುಕಿಗೆ ಒಗ್ಗುವ ದಾರಿ ತೋರಿಸುವುದು ವ್ಯಾಯಾಮ ಮನೋವಿಜ್ಞಾನದ ಕೆಲಸ. ಸರದಿಯಲ್ಲಿ ಹೊರಗೆ ಐವತ್ತು ಜನ ಕಾಯುತ್ತಿರುವಾಗ ಐದು ನಿಮಿಷದಲ್ಲಿ ಅದನ್ನು ಯಾವ ವೈದ್ಯನೂ ಮಾಡಲಾರ.

ವ್ಯಾಯಾಮವೇ ಮನಸ್ಸಿಗೆ ಮದ್ದಾಗುವುದೂ ಉಂಟು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೇಮ್ಸ್ ಬ್ಲೂಮೆಂತಾಲ್ ಮತ್ತು ಸಂಗಡಿಗರು 1999ರಲ್ಲಿ ಖಿನ್ನತೆಯಿದ್ದ 156 ಮಂದಿ ಹಿರಿಯ ವಯಸ್ಸಿನವರ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. 16 ವಾರ ವ್ಯಾಯಾಮ ಮಾಡಿದವರಿಗೂ ಸರ್ಟ್ರಾಲಿನ್ ಎಂಬ ಮಾತ್ರೆ ತೆಗೆದುಕೊಂಡವರಿಗೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಗುಣ ಕಂಡಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೀವ್ರ ಖಿನ್ನತೆಯ 45 ರೋಗಿಗಳಲ್ಲಿ ಸುದರ್ಶನ ಕ್ರಿಯೆಯ ಉಸಿರಾಟದ ಅಭ್ಯಾಸ ಇಮಿಪ್ರಮಿನ್ ಮಾತ್ರೆಗೆ ಸರಿಸಮವೆನ್ನುವಷ್ಟು ಫಲ ಕೊಟ್ಟಿತು. ವಿದ್ಯುತ್ ಚಿಕಿತ್ಸೆ ಎರಡಕ್ಕಿಂತಲೂ ಮೇಲಾಗಿತ್ತು. ಹಾಗೆಂದು ಯಾರೂ ತಮ್ಮ ಮಾತ್ರೆಗಳನ್ನು ತಾವೇ ನಿಲ್ಲಿಸಬಾರದು. ಅವು ವೈದ್ಯರ ಮೇಲ್ವಿಚಾರಣೆಯಲ್ಲಿ ನಡೆದ ಅಧ್ಯಯನಗಳು. ಆದರೆ ಮೈ ಮತ್ತು ಮನಸ್ಸನ್ನು ಬೇರೆ ಬೇರೆ ಕೋಣೆಗಳಲ್ಲಿಟ್ಟು ಚಿಕಿತ್ಸೆ ಮಾಡುವ ನಮ್ಮ ಪದ್ಧತಿ ಸಾಲದು ಎಂಬುದನ್ನು ಅವು ತೋರಿಸಿಕೊಟ್ಟಿವೆ.

‘ಇದನ್ನು ಓದಿದರೆ ಕೆಲಸ ಸಿಗುತ್ತದೆಯೇ?’

ಮನಃಶಾಸ್ತ್ರ ಓದುತ್ತೇನೆ ಎನ್ನುವ ಮಗಳಿಗೆ ಪೋಷಕರು ಕೇಳುವ ಮೊದಲ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆ. ಕಾಲೇಜು ಉಪನ್ಯಾಸಕರಾಗಲು ಶೇ. 55 ಅಂಕಗಳ ಸ್ನಾತಕೋತ್ತರ ಪದವಿ, ಅದರ ಮೇಲೆ ಎನ್.ಇ.ಟಿ. ಅಥವಾ ಕೆ-ಸೆಟ್ ಪರೀಕ್ಷೆ ಬೇಕು. ಕ್ರೀಡಾ ಮನೋವಿಜ್ಞಾನವನ್ನೇ ಓದಬೇಕೆಂದರೆ 2018ರ ಕಾಯ್ದೆಯಿಂದ ಸ್ಥಾಪನೆಯಾದ ಮಣಿಪುರದ ರಾಷ್ಟ್ರೀಯ ಕ್ರೀಡಾ ವಿಶ್ವವಿದ್ಯಾಲಯದಂಥ ಕೆಲವೇ ಕಡೆ ಹೋಗಬೇಕು. ಇಷ್ಟೆಲ್ಲ ಓದಿ ಬಂದ ಹುಡುಗಿ ಕೋಲಾರಕ್ಕೆ ಮರಳಿದರೆ ಅವಳಿಗೆ ಕಾದಿರುವ ಹುದ್ದೆ ಯಾವುದು? ಬಹಳವೆಂದರೆ ಅತಿಥಿ ಉಪನ್ಯಾಸಕಿಯ ಕೆಲಸ. ಅತಿಥಿ ಎಂಬ ಮಾತಿನ ಅರ್ಥವೇ ಹೋಗಬೇಕಾದವರು ಎಂದು. ವರ್ಷ ವರ್ಷವೂ ‘ಮುಂದಿನ ವರ್ಷ ಇರ್ತೀನೋ ಇಲ್ಲವೋ’ ಎಂಬ ಚಿಂತೆಯಲ್ಲಿರುವವರು ಹುಡುಗರ ಆತಂಕ ಕಳೆಯುವುದು ಹೇಗೆ? ಈ ಕೆಲಸಕ್ಕೆ ಬೇಕಾದದ್ದು ನಂಬಿಕೆ. ನಂಬಿಕೆ ಬೆಳೆಯಲು ವರ್ಷಗಳು ಬೇಕು.

ಸದ್ಯಕ್ಕೆ ಈ ಹೊರೆಯೆಲ್ಲ ಪಿ.ಟಿ. ಮೇಷ್ಟ್ರ ಮೇಲೆ ಬಿದ್ದಿದೆ. ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರ ಮೇಲೆ. ಅವರಲ್ಲಿ ಅನೇಕರು ಸ್ವಂತ ಅನುಭವದಿಂದ ಹುಡುಗರ ಮನಸ್ಸು ಬಲ್ಲವರು. ಆದರೆ ಮೈದಾನಕ್ಕೆ ಸುಣ್ಣ ಬಳಿಯುವುದರಿಂದ ಹಿಡಿದು ಪ್ರಮಾಣಪತ್ರ ಬರೆಯುವವರೆಗೆ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುವಾಗ ಒಬ್ಬೊಬ್ಬ ಹುಡುಗನ ಜೊತೆ ಕೂತು ಮಾತಾಡುವ ವ್ಯವಧಾನ ಎಲ್ಲಿಂದ ಬಂದೀತು?

ನನ್ನ ಸಲಹೆ ಸರಳ. ಜಿಲ್ಲೆಗೊಬ್ಬರಂತೆ ಕ್ರೀಡೆ ಮತ್ತು ವ್ಯಾಯಾಮ ಮನೋವಿಜ್ಞಾನದ ಕಾಯಂ ಉಪನ್ಯಾಸಕರು ಬೇಕು. ನಮ್ಮ ಕಾಲೇಜುಗಳು 2017ರಲ್ಲಿ ಶುರುವಾದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿವೆ. ಹುದ್ದೆ ಅಲ್ಲಿರಲಿ ಅಥವಾ ಜಿಲ್ಲಾ ಕೇಂದ್ರದ ಒಂದು ಸರ್ಕಾರಿ ಕಾಲೇಜಿನಲ್ಲಿರಲಿ. ವಾರದಲ್ಲಿ ಎರಡು ದಿನ ಪಾಠ, ಒಂದೊಂದು ದಿನ ಒಂದೊಂದು ತಾಲ್ಲೂಕಿನ ಪಿ.ಟಿ. ಮೇಷ್ಟ್ರುಗಳಿಗೆ ತರಬೇತಿ, ಒಂದು ದಿನ ಜಿಲ್ಲಾ ಆಸ್ಪತ್ರೆಯ ಸಕ್ಕರೆ ಕಾಯಿಲೆಯವರ ಜೊತೆ ಮಾತುಕತೆ. ಇದು ಆಗದ ಮಾತೇನಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗೆ ತಲುಪಿಸಿತು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಪರಿಣತರು ಒಬ್ಬರೇ ಇದ್ದರೂ ಅವರು ಹತ್ತು ಜನರಿಗೆ ಕಲಿಸಿದರೆ ಜಿಲ್ಲೆ ನಡೆಯುತ್ತದೆ ಎಂಬುದನ್ನು ಬಳ್ಳಾರಿ ತೋರಿಸಿದೆ.

‘ಹುಡುಗರ ಕಾಲಿಗೆ ಒಳ್ಳೆಯ ಶೂ ಇಲ್ಲ, ಶಾಲೆಗೆ ಮೈದಾನ ಇಲ್ಲ. ಇದರ ಮಧ್ಯೆ ಮನೋವಿಜ್ಞಾನ ಎಂಬ ಶೋಕಿ ಯಾಕೆ?’ ಎಂದು ಕೆಲವರು ಕೇಳಬಹುದು. ಶೂ ಬೇಕು, ಮೈದಾನ ಬೇಕು, ಮೊಟ್ಟೆ ಹಾಲು ಬೇಕು. ಅವುಗಳ ಬದಲಿಗೆ ಇದನ್ನು ಕೊಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಸೌಕರ್ಯ ಕಡಿಮೆ ಇರುವ ಹುಡುಗನಿಗೆ ಸಿಗುವ ಅವಕಾಶವೂ ಕಡಿಮೆ. ನಗರದ ಹುಡುಗ ಒಮ್ಮೆ ಎಡವಿದರೆ ಮತ್ತೆ ಮತ್ತೆ ಪ್ರಯತ್ನಿಸುತ್ತಾನೆ. ನಮ್ಮ ಹುಡುಗನಿಗೆ ಆ ಒಂದು ಬೆಳಗಿನ ಆರು ನಿಮಿಷದ ಓಟದ ಮೇಲೆ ಇಡೀ ಮನೆಯ ಅನ್ನ ನಿಂತಿರುತ್ತದೆ. ಮನಸ್ಸನ್ನು ಹಿಡಿತದಲ್ಲಿಡುವ ವಿದ್ಯೆ ಹೆಚ್ಚು ಬೇಕಿರುವುದು ಅವನಿಗೇ.

ನಕಲಿಗಳ ಬಗ್ಗೆ ಎಚ್ಚರ

ಬೇಡಿಕೆ ಇದ್ದಲ್ಲಿ ನಕಲಿಗಳೂ ಹುಟ್ಟಿಕೊಳ್ಳುತ್ತಾರೆ. ಎರಡು ದಿನದ ಶಿಬಿರದ ಪ್ರಮಾಣಪತ್ರ ಗೋಡೆಗೆ ನೇತುಹಾಕಿ ‘ಮೈಂಡ್ ಕೋಚ್’ ಎಂದು ಬೋರ್ಡು ಬರೆಸಿಕೊಳ್ಳುವವರಿದ್ದಾರೆ. ಯಾರ ಬಳಿ ಹೋಗುವ ಮುನ್ನವೂ ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಇದೆಯೇ, ಎಲ್ಲಿ ಓದಿದ್ದಾರೆ ಎಂದು ಕೇಳಲು ಸಂಕೋಚ ಬೇಡ. ಮನೋರೋಗಕ್ಕೆ ಚಿಕಿತ್ಸೆ ನೀಡುವ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಾದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇರಬೇಕು. ‘ಗೆದ್ದೇ ಗೆಲ್ಲಿಸುತ್ತೇನೆ’ ಎಂದು ಭರವಸೆ ಕೊಡುವವರಿಂದ ದೂರವಿರಿ.

ಅಲ್ಲಿಯವರೆಗೆ ನಾವೇನು ಮಾಡಬಹುದು?

ಹುದ್ದೆ ಮಂಜೂರಾಗುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಕೆಲವು ಸಣ್ಣ ವಿಷಯಗಳನ್ನು ಮನೆಯಲ್ಲೂ ಶಾಲೆಯಲ್ಲೂ ರೂಢಿಸಿಕೊಳ್ಳಬಹುದು.

ಮೊದಲನೆಯದು, ಉಸಿರು. ಗಾಬರಿಯಾದಾಗ ಮೂಗಿನಿಂದ ನಿಧಾನವಾಗಿ ಉಸಿರೆಳೆದುಕೊಂಡು, ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹೊರಬಿಡಬೇಕು. ಐದು ನಿಮಿಷ ಸಾಕು. ಸ್ಪರ್ಧೆಯ ದಿನ ಕಲಿಯುವುದಲ್ಲ, ತಿಂಗಳ ಮುಂಚಿನಿಂದ ದಿನವೂ ಮಾಡಬೇಕು. ಕಾಗದದ ಚೀಲದಲ್ಲಿ ಉಸಿರಾಡಿಸುವ ಹಳೆಯ ಪದ್ಧತಿ ಬೇಡ, ಅದರಲ್ಲಿ ಅಪಾಯವಿದೆ.

ಎರಡನೆಯದು, ಪರಿಚಯ. ಹೊಸ ಜಾಗ ಗಾಬರಿ ಹುಟ್ಟಿಸುತ್ತದೆ. ಸಾಧ್ಯವಾದರೆ ಸ್ಪರ್ಧೆ ನಡೆಯುವ ಮೈದಾನವನ್ನು ಹಿಂದಿನ ದಿನವೇ ನೋಡಿ ಬರಲಿ. ಕಣ್ಣು ಮುಚ್ಚಿ ಆರಂಭದಿಂದ ಕೊನೆಯವರೆಗೆ ಓಟವನ್ನು ಮನಸ್ಸಿನಲ್ಲೇ ಓಡಿ ನೋಡಲಿ.

ಮೂರನೆಯದು, ಮಾತು. ‘ಗೆಲ್ಲದೆ ಮನೆಗೆ ಬರಬೇಡ’ ಎನ್ನಬೇಡಿ. ‘ಕಳೆದ ಸಲಕ್ಕಿಂತ ಚೆನ್ನಾಗಿ ಓಡು’ ಎನ್ನಿ. ಇತರರ ಓಟ ಮಗುವಿನ ಕೈಯಲ್ಲಿಲ್ಲ, ತನ್ನದು ಇದೆ. ಸೋತು ಬಂದ ದಿನ ಅವನ ತಪ್ಪುಗಳ ಪಟ್ಟಿ ಬೇಡ. ಮೊದಲು ಊಟ, ನಿದ್ದೆ. ತಪ್ಪಿನ ಮಾತು ಎರಡು ದಿನದ ಮೇಲಾಗಲಿ.

ನಾಲ್ಕನೆಯದು, ನಡಿಗೆ ಆರಂಭಿಸುವ ದೊಡ್ಡವರಿಗೆ. ‘ನಾಳೆಯಿಂದ ನಡೆಯುತ್ತೇನೆ’ ಎಂಬುದು ನಿರ್ಧಾರವಲ್ಲ. ‘ಸಂಜೆ ಕಾಫಿ ಕುಡಿದ ಮೇಲೆ, ಪಕ್ಕದ ಮನೆಯವರ ಜೊತೆ, ದೇವಸ್ಥಾನದ ತನಕ’ ಎಂದರೆ ಅದು ನಿರ್ಧಾರ. ಯಾವಾಗ, ಎಲ್ಲಿ, ಯಾರ ಜೊತೆ – ಈ ಮೂರನ್ನು ನಿಗದಿಪಡಿಸಿ. ಹತ್ತು ನಿಮಿಷದಿಂದ ಶುರುಮಾಡಿ. ಒಂದು ದಿನ ತಪ್ಪಿದರೆ ವ್ರತ ಕೆಟ್ಟಿತೆಂದು ಬಿಡಬೇಡಿ, ಮರುದಿನ ಮುಂದುವರಿಸಿ.

ಕೊನೆಯದಾಗಿ, ಎರಡು ವಾರಕ್ಕೂ ಮೀರಿ ಮಂಕಾಗಿರುವುದು, ಊಟ ನಿದ್ದೆ ಬಿಡುವುದು, ಆಟದಲ್ಲೂ ಗೆಳೆಯರಲ್ಲೂ ಆಸಕ್ತಿ ಹೋಗುವುದು ಕಂಡರೆ ‘ವಯಸ್ಸಿನ ಹುಡುಗಾಟ’ ಎಂದು ತಳ್ಳಿಹಾಕದೆ ವೈದ್ಯರ ಬಳಿ ಕರೆತನ್ನಿ. ಸಾಯುವ ಮಾತು ಬಾಯಿಗೆ ಬಂದರೆ ಒಂದು ದಿನವೂ ಕಾಯಬೇಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು.

ಗ್ರಿಫಿತ್ ಅವರ ಪ್ರಯೋಗಶಾಲೆ ಏಳು ವರ್ಷಕ್ಕೆ ಮುಚ್ಚಿದ್ದು ಆ ವಿದ್ಯೆ ಸುಳ್ಳೆಂದಲ್ಲ, ಖರ್ಚು ದಂಡವೆಂದು ತಿಳಿದವರಿದ್ದರೆಂದು. ನಮ್ಮ ಜಿಲ್ಲೆಯಲ್ಲಿ ಅದು ಇನ್ನೂ ತೆರೆದೇ ಇಲ್ಲ. ಮುಂದಿನ ಬಾರಿ ಕ್ರೀಡಾಕೂಟದ ವೇದಿಕೆಯ ಮೇಲೆ ಶಾಸಕರು, ಅಧಿಕಾರಿಗಳು ‘ಸೋಲು ಗೆಲುವು ಮುಖ್ಯವಲ್ಲ, ಭಾಗವಹಿಸುವುದು ಮುಖ್ಯ’ ಎಂದು ಭಾಷಣ ಮಾಡಿದಾಗ ಪೋಷಕರು ಎದ್ದು ನಿಂತು ಒಂದು ಮಾತು ಕೇಳಲಿ: ಆ ಮಾತನ್ನು ನಮ್ಮ ಮಕ್ಕಳು ನಂಬುವಂತೆ ಕಲಿಸುವ ಮೇಷ್ಟ್ರನ್ನು ಯಾವಾಗ ಕೊಡುತ್ತೀರಿ?